ವ್ಯಾನಿನ ಚಾವಣಿಗೆ ಬ್ಯಾಟರಿ ಏಸಿ: ಟನ್ ಕೇಳುವ ಮೊದಲು ಗಂಟೆಯ ಲೆಕ್ಕ ಹಾಕಿ

ಮಲಗುವ ವ್ಯಾನ್ ಕಟ್ಟಿಸುವವರು ಏಸಿ ಮಾತು ಬಂದ ಕೂಡಲೇ ಕೇಳುವುದು 'ಎಷ್ಟು ಟನ್ ಬೇಕಾಗುತ್ತೆ?' ಎಂದು. ಮನೆಗೆ ಏಸಿ ಕೊಂಡು ರೂಢಿಯಾದವರು ಹಾಗೆ ಕೇಳುವುದು ಸಹಜ. ಆದರೆ ಮನೆಯಲ್ಲಿ ಕರೆಂಟು ಗೋಡೆಯಿಂದ ಬರುತ್ತದೆ. ವ್ಯಾನಿನಲ್ಲಿ ಅದನ್ನು ನಾವೇ ಹೊತ್ತುಕೊಂಡು ಹೋಗಬೇಕು. ಹಾಗಾಗಿ ಇಲ್ಲಿ ಮೊದಲ ಪ್ರಶ್ನೆ ಬೇರೆ: ಯಾವ ಹೊತ್ತಿನಲ್ಲಿ, ಎಷ್ಟು ಗಂಟೆ ಓಡಬೇಕು?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಎಂಟು ಗಂಟೆ ನಿದ್ದೆಗೆ ಆಗುವಷ್ಟು ಏಸಿ, ಅಷ್ಟಕ್ಕೆ ತಕ್ಕ ಬ್ಯಾಟರಿ. ಮೇ ತಿಂಗಳ ನಡುಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯನ್ನು ಬ್ಯಾಟರಿಯಿಂದ ತಂಪು ಮಾಡುತ್ತೇನೆ ಎಂದು ಹೊರಟರೆ ದುಡ್ಡೂ ಸಾಲದು, ಚಾವಣಿಯ ಜಾಗವೂ ಸಾಲದು. ಆ ಹೊತ್ತಿಗೆ ಗಾಡಿ ಓಡುತ್ತಿರಬೇಕು, ಇಲ್ಲವೇ ನೀವು ಮರದ ಕೆಳಗಿರಬೇಕು.

ಕೆಳಗಿನ ಲೆಕ್ಕವೆಲ್ಲ ಟಿಟಿ (ಟೆಂಪೊ ಟ್ರಾವೆಲರ್) ಅಥವಾ ಟಾಟಾ ವಿಂಗರ್ ಗಾತ್ರದ ಗಾಡಿಯದು: ಹಿಂದಿನ ಮಲಗುವ ಭಾಗ ಸುಮಾರು 4 ಮೀಟರ್ ಉದ್ದ, ಅಗಲ ಎತ್ತರ ತಲಾ 1.8 ಮೀಟರ್, ಮಲಗುವವರು ಇಬ್ಬರು.

ಹಂತ 1: ಏಸಿ ನಿಜವಾಗಿ ಬೇಕೇ?

ನಿಮ್ಮ ಓಡಾಟ ಹೆಚ್ಚಾಗಿ ಸಕಲೇಶಪುರ, ಚಿಕ್ಕಮಗಳೂರು, ಮಡಿಕೇರಿ ಕಡೆಗಾದರೆ ಇಲ್ಲಿಗೇ ಓದು ನಿಲ್ಲಿಸಬಹುದು. ಚಾವಣಿಗೊಂದು ಗಾಳಿ ಎಳೆಯುವ ಫ್ಯಾನು, ಕಿಟಕಿಗೆ ಸೊಳ್ಳೆ ಜಾಲರಿ, ಅಷ್ಟು ಸಾಕು. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಬೇಸಿಗೆಯಲ್ಲಿ ಹಗಲು 40 ಡಿಗ್ರಿ ದಾಟುತ್ತದೆ. ಆದರೆ ಅದು ಒಣ ಬಿಸಿ. ಅಲ್ಲಿ ನೀರಿನ ಕೂಲರ್ ಕೂಡ ಕೆಲಸ ಮಾಡುತ್ತದೆ, ಅದಕ್ಕೆ ಏಸಿಯ ಕಾಲು ಭಾಗದಷ್ಟು ಕರೆಂಟೂ ಬೇಡ.

ಬ್ಯಾಟರಿ ಏಸಿ ಅತ್ಯಗತ್ಯ ಅನ್ನಿಸುವುದು ಕರಾವಳಿಯಲ್ಲಿ. ಕಾರವಾರದಿಂದ ಮಂಗಳೂರಿನವರೆಗೆ ಥರ್ಮಾಮೀಟರ್ ಅಷ್ಟೇನೂ ಏರುವುದಿಲ್ಲ, ಆದರೆ ರಾತ್ರಿಯಿಡೀ ಗಾಳಿ ನೀರು ಹಿಡಿದುಕೊಂಡಿರುತ್ತದೆ, ಬೆವರು ಆರುವುದೇ ಇಲ್ಲ. ಅಲ್ಲಿ ಕೂಲರ್ ಹಾಕಿದರೆ ಸೆಕೆ ಇನ್ನೂ ಹೆಚ್ಚುತ್ತದೆ. ಗಾಳಿಯಿಂದ ನೀರು ಹಿಂಡಿ ತೆಗೆದು ತಂಪೂ ಮಾಡುವುದು ಏಸಿಯಿಂದ ಮಾತ್ರ ಸಾಧ್ಯ.

ಹಂತ 2: ಬಿಸಿ ಒಳಗೆ ಬರದಂತೆ ಮಾಡಿ

ಹೆಚ್ಚಿನವರು ಅವಸರದಲ್ಲಿ ದಾಟಿಹೋಗುವ ಹಂತ ಇದು. ದುಡ್ಡು ಉಳಿಯುವುದೂ ಇಲ್ಲೇ. ಬರೀ ತಗಡಿನ ಗಾಡಿಗೆ ಏಸಿ ಹಾಕುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಮಲಗುವ ಭಾಗದ ಚಾವಣಿ, ನೆಲ, ಗೋಡೆ ಎಲ್ಲ ಸೇರಿ ಸುಮಾರು 35 ಚದರ ಮೀಟರ್ ಆಗುತ್ತದೆ. ಬರೀ ತಗಡಿದ್ದರೆ ಒಳಗೂ ಹೊರಗೂ ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 5ರಿಂದ 6 ವ್ಯಾಟ್ ಬಿಸಿ ಒಳಗೆ ಬರುತ್ತದೆ. 20ರಿಂದ 25 ಮಿ.ಮೀ. ದಪ್ಪದ ಒಳ್ಳೆಯ ಫೋಮ್ ಅಂಟಿಸಿದರೆ, ಕಬ್ಬಿಣದ ಪಟ್ಟಿಗಳ ಮೂಲಕ ನುಸುಳುವುದನ್ನು ಸೇರಿಸಿಯೂ, ಅದು 2 ವ್ಯಾಟ್ ಆಸುಪಾಸಿಗೆ ಇಳಿಯುತ್ತದೆ.

ಈಗ ರಾತ್ರಿಯ ಲೆಕ್ಕ. ಹೊರಗೆ 29, ಒಳಗೆ 25 ಡಿಗ್ರಿ. ಫೋಮ್ ಇರುವ ಗಾಡಿಗೆ 35 × 2 × 4, ಅಂದರೆ 280 ವ್ಯಾಟ್. ಮಲಗಿದ ಇಬ್ಬರ ಮೈಬಿಸಿ ಇನ್ನೊಂದು 150ರಿಂದ 200 ವ್ಯಾಟ್. ಸಂದಿಯಿಂದ ಬರುವ ಗಾಳಿ, ಅದರೊಳಗಿನ ತೇವ, ಫ್ರಿಜ್ಜಿನ ಬಿಸಿ ಎಲ್ಲ ಸೇರಿ 650 ವ್ಯಾಟ್ ಎಂದಿಟ್ಟುಕೊಳ್ಳಿ. ಬರೀ ತಗಡಾದರೆ ಇದೇ ರಾತ್ರಿಗೆ 1,100 ವ್ಯಾಟ್ ದಾಟುತ್ತದೆ. ಬ್ಯಾಟರಿ ಹೆಚ್ಚುಕಡಿಮೆ ಎರಡರಷ್ಟು ಬೇಕಾಗುತ್ತದೆ ಎಂದಾಯಿತು. ಫೋಮಿಗೆ ಹಾಕುವ ದುಡ್ಡು ಬ್ಯಾಟರಿಯ ಮುಂದೆ ಏನೂ ಅಲ್ಲ.

ಅದೇ ಗಾಡಿ ಮಧ್ಯಾಹ್ನ 41 ಡಿಗ್ರಿಯಲ್ಲಿ ನಿಂತಿದ್ದು, ಒಳಗೆ 27 ಬೇಕೆಂದರೆ? ಫೋಮ್ ಇದ್ದೂ ಗೋಡೆಗಳಿಂದಲೇ ಸಾವಿರ ವ್ಯಾಟ್ ಹತ್ತಿರ. ಚಾವಣಿಯ ಮೇಲೆ ನೇರ ಬಿಸಿಲು ಬೇರೆ. ಮುಂದಿನ ಗಾಜನ್ನು ಮುಚ್ಚದಿದ್ದರೆ ಅದೊಂದೇ ಇನ್ನೊಂದು ಸಾವಿರ ವ್ಯಾಟ್ ತರಬಹುದು. ಒಟ್ಟು 2,500 ವ್ಯಾಟ್ ಮುಟ್ಟಿತು. ಮಧ್ಯಾಹ್ನದ ಆಸೆ ಬಿಡಿ ಎಂದದ್ದು ಇದಕ್ಕೇ.

ಫೋಮಿನಲ್ಲಿ ನಮ್ಮಲ್ಲಿ ಸುಲಭವಾಗಿ ಸಿಗುವುದು ನೈಟ್ರೈಲ್ ರಬ್ಬರ್ ಶೀಟು ಮತ್ತು ಎಕ್ಸ್‌ಎಲ್‌ಪಿಇ ಶೀಟು. ಏಸಿ ಡಕ್ಟ್ ಕೆಲಸದವರ ಬಳಿ ಎರಡೂ ಇರುತ್ತವೆ. ಮೊದಲು ಚಾವಣಿ, ಆಮೇಲೆ ಗೋಡೆ, ಬಾಗಿಲುಗಳು ಕೊನೆಗೆ. ಬೆಳ್ಳಿ ಬಣ್ಣದ ತೆಳು ಹಾಳೆಯನ್ನು ತಗಡಿಗೆ ನೇರ ಅಂಟಿಸಿದರೆ ಉಪಯೋಗವಿಲ್ಲ, ಅದರ ಮುಂದೆ ಗಾಳಿಯ ಜಾಗ ಇದ್ದರೆ ಮಾತ್ರ ಅದು ಬಿಸಿ ತಡೆಯುತ್ತದೆ. ಗಾಜಿನ ಪರದೆ ಹೊರಗಿನಿಂದ ಹಾಕುವಂಥದ್ದಾದರೆ ಉತ್ತಮ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ತಡೆದರೆ ಅರ್ಧ ಬಿಸಿ ಆಗಲೇ ಒಳಗಿರುತ್ತದೆ. ಡ್ರೈವರ್ ಸೀಟಿಗೂ ಮಲಗುವ ಜಾಗಕ್ಕೂ ನಡುವೆ ದಪ್ಪ ಪರದೆ ಇರಲೇಬೇಕು. ಸ್ಟೇರಿಂಗನ್ನು ತಂಪು ಮಾಡಿ ಯಾರಿಗೂ ಲಾಭವಿಲ್ಲ.

ಗಾಡಿಗೆ ಬಿಳಿ ಬಣ್ಣ. ಮ್ಯಾಟ್ ಕಪ್ಪು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಒಪ್ಪಿದೆ.

ಹಂತ 3: ಯಾವ ಏಸಿ?

ದಾರಿಗಳು ಮೂರು. ಮೊದಲನೆಯದು, ಅಮೆರಿಕದ, ಒಳಗೇ ವಾಸ ಮಾಡುವ ದೊಡ್ಡ ಆರ್‌ವಿಗಳ ಮೇಲೆ ಕಾಣುವ 13,500 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ) ಚಾವಣಿ ಏಸಿ. ಅದು ಮನೆ ಕರೆಂಟಿನಲ್ಲೇ ಓಡುವಂಥದ್ದು, 1,300ರಿಂದ 1,500 ವ್ಯಾಟ್ ಎಳೆಯುತ್ತದೆ. ಬ್ಯಾಟರಿಯಿಂದ ಓಡಿಸಲು ದೊಡ್ಡ ಇನ್ವರ್ಟರ್ ಬೇಕು, 12 ವೋಲ್ಟಿನಲ್ಲಿ 120 ಆಂಪ್‌ಗಿಂತ ಹೆಚ್ಚು ಹರಿಯುತ್ತದೆ. ಅಲ್ಲಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಗಾಡಿಗೆ ಪ್ಲಗ್ ಪಾಯಿಂಟ್ ಸಿಗುವುದರಿಂದ ಅದು ನಡೆಯುತ್ತದೆ. ನಮಗೆ ಬೇಡ.

ಎರಡನೆಯದು, ಮನೆಯ ಒಂದು ಟನ್ ಇನ್ವರ್ಟರ್ ಸ್ಪ್ಲಿಟ್ ಏಸಿ. ಇದರ ಪರ ಹೇಳಬಹುದಾದ್ದು ಬಹಳ ಇದೆ: ಎಲ್ಲ ಊರಿನಲ್ಲೂ ಸಿಗುತ್ತದೆ, ರಿಪೇರಿ ಮಾಡುವವರೂ ಸಿಗುತ್ತಾರೆ, ಸಣ್ಣ ಜಾಗ ತಂಪಾದ ಮೇಲೆ ಕಂಪ್ರೆಸರ್ ನಿಧಾನವಾಗಿ ಓಡಿ ಕಡಿಮೆ ಕರೆಂಟು ತಿನ್ನುತ್ತದೆ. ತೊಂದರೆ ಇರುವುದು ರಸ್ತೆಯಲ್ಲಿ. ಗೋಡೆಗೆ ತೂಗುಹಾಕಲೆಂದು ಮಾಡಿದ ಯಂತ್ರವದು. ನಮ್ಮ ಹಂಪ್‌ಗಳ ಮೇಲೆ ವರ್ಷಗಟ್ಟಲೆ ಕುಲುಕಿದರೆ ತಾಮ್ರದ ಪೈಪಿನ ಜೋಡಣೆ ಬಿರುಕು ಬಿಡುತ್ತದೆ. ಈಗಿನ ಹೆಚ್ಚಿನ ಸ್ಪ್ಲಿಟ್‌ಗಳಲ್ಲಿರುವ ಆರ್32 ಅನಿಲಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗುಣವೂ ಇದೆ. ಮುಚ್ಚಿದ ಗಾಡಿಯಲ್ಲಿ ಮಲಗಿದವರ ತಲೆಯ ಹತ್ತಿರ ಅದು ಸೋರುವುದು ಬೇಡ.

ಮೂರನೆಯದು ಬ್ಯಾಟರಿಯಿಂದ ನೇರವಾಗಿ ಓಡುವ 12 ಅಥವಾ 24 ವೋಲ್ಟಿನ ಚಾವಣಿ ಏಸಿ. ಇದು ಹುಟ್ಟಿದ್ದು ಕ್ಯಾಂಪರ್‌ಗಳಿಗಾಗಿ ಅಲ್ಲ, ಎಂಜಿನ್ ಆರಿಸಿ ಕ್ಯಾಬಿನ್ನಿನಲ್ಲಿ ಮಲಗುವ ಲಾರಿ ಚಾಲಕರಿಗಾಗಿ. ಡೊಮೆಟಿಕ್ ಕಂಪನಿಯ ಆರ್‌ಟಿಎಕ್ಸ್ 2000 ಈ ಜಾತಿಯದು: ತಂಪು ಮಾಡುವ ಶಕ್ತಿ ಸುಮಾರು 2,000 ವ್ಯಾಟ್, ಅಂದರೆ 6,800 ಬಿಟಿಯು; 12 ವೋಲ್ಟಿನಲ್ಲಿ ಅತಿ ಹೆಚ್ಚೆಂದರೆ 58 ಆಂಪ್ ಆಸುಪಾಸು. ಕುಲುಕಾಟಕ್ಕೆಂದೇ ಕಟ್ಟಿದ್ದು, ಅನಿಲ ತುಂಬಿ ಸೀಲ್ ಮಾಡಿಯೇ ಬರುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ಇದೇ ರೀತಿಯವನ್ನು 'ಪಾರ್ಕಿಂಗ್ ಏಸಿ' ಎಂದು ಮಾರುತ್ತಾರೆ. ನಾನು ಆರಿಸುವುದು ಇದನ್ನೇ.

ಕೊಳ್ಳುವಾಗ ಎರಡು ಎಚ್ಚರಿಕೆ. ಲಾರಿಗೆಂದು ಮಾಡಿದವು ಹೆಚ್ಚಾಗಿ 24 ವೋಲ್ಟಿನವು, ನಿಮ್ಮ ವ್ಯಾನ್ 12 ವೋಲ್ಟಿನದು. ಲೇಬಲ್ ಓದದೆ ದುಡ್ಡು ಕೊಡಬೇಡಿ. ಇನ್ನೊಂದು, ಬಿಟಿಯು ಬೊಗಳೆ. ಬಿಟಿಯು ಸಂಖ್ಯೆಯನ್ನು 3.4ರಿಂದ ಭಾಗಿಸಿದರೆ ತಂಪಿನ ವ್ಯಾಟ್ ಬರುತ್ತದೆ. ಅದನ್ನು ಏಸಿ ಎಳೆಯುವ ವ್ಯಾಟಿನಿಂದ ಭಾಗಿಸಿ. ಉತ್ತರ 2.5ರಿಂದ 3ರ ಸುತ್ತ ಇದ್ದರೆ ನಂಬಬಹುದು. '10,000 ಬಿಟಿಯು, ಬರೀ 500 ವ್ಯಾಟ್' ಎಂದು ಬರೆದಿದ್ದರೆ ಉತ್ತರ 6ರ ಹತ್ತಿರ ಬರುತ್ತದೆ. ಬಿಸಿಲೂರಿನಲ್ಲಿ ಅಷ್ಟು ಸಣ್ಣ ಯಂತ್ರ ಹಾಗೆ ಓಡುವುದಿಲ್ಲ, ಮುಂದಿನ ಅಂಗಡಿಗೆ ಹೋಗಿ.

ಹಂತ 4: ಬ್ಯಾಟರಿ ಎಷ್ಟು?

650 ವ್ಯಾಟ್ ಬಿಸಿ ಹೊರಹಾಕಲು ಏಸಿ ಸುಮಾರು 250 ವ್ಯಾಟ್ ಎಳೆಯುತ್ತದೆ. ಮಲಗುವ ಮೊದಲ ಒಂದು ಗಂಟೆ ಪೂರ್ತಿ ವೇಗದಲ್ಲಿ ಓಡುವುದನ್ನೂ ಸೇರಿಸಿ ಸರಾಸರಿ 350 ಹಿಡಿಯಿರಿ. ಎಂಟು ಗಂಟೆಗೆ 2,800 ವ್ಯಾಟ್-ಅವರ್. ಫ್ರಿಜ್, ಫ್ಯಾನ್, ದೀಪ, ಮೊಬೈಲ್ ಚಾರ್ಜಿಗೆ 400. ಒಟ್ಟು 3,200. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ 90 ಶೇಕಡಾ ಬಳಸಬಹುದು, ಹಾಗಾಗಿ 3,550 ಬೇಕು. ಅದರ ವೋಲ್ಟೇಜ್ 12.8, ಭಾಗಿಸಿದರೆ 278 ಆಂಪಿಯರ್-ಅವರ್. ಅಂಗಡಿಯಲ್ಲಿ 300 ಎಂದು ಕೇಳಿ.

ಮನೆ ಯುಪಿಎಸ್‌ನ ಟ್ಯೂಬ್ಯುಲರ್ ಬ್ಯಾಟರಿ ಆಗದೇ ಎಂದು ಕೇಳುವವರಿದ್ದಾರೆ. ಅದರಲ್ಲಿ ಅರ್ಧದಷ್ಟೇ ಬಳಸಬೇಕು. ಹಾಗಾಗಿ 150 ಆಂಪಿಯರ್-ಅವರಿನವು ನಾಲ್ಕು ಬೇಕಾಗುತ್ತವೆ, ತೂಕವೇ 200 ಕಿಲೋ ದಾಟುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬೇರೆ ಬಿಡುತ್ತದೆ. ಮಲಗುವ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ. ಲಿಥಿಯಂನಲ್ಲಿಯೂ ಫಾಸ್ಫೇಟ್ ಜಾತಿಯದನ್ನೇ ಕೊಳ್ಳಿ, ಉಳಿದವಕ್ಕಿಂತ ಅದು ಬಿಸಿಯನ್ನು ಹೆಚ್ಚು ತಾಳಿಕೊಳ್ಳುತ್ತದೆ. ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಕನಿಷ್ಠ 100 ಆಂಪ್ ನಿರಂತರ ಕೊಡುವಂತಿರಲಿ.

ಬ್ಯಾಟರಿಯನ್ನು ಎಲ್ಲಿಡುತ್ತೀರಿ ಎನ್ನುವುದೂ ಮುಖ್ಯ. ಈ ಬ್ಯಾಟರಿಗಳು ಸಾಮಾನ್ಯವಾಗಿ 45 ಡಿಗ್ರಿಯವರೆಗೆ ಮಾತ್ರ ಚಾರ್ಜ್ ತೆಗೆದುಕೊಳ್ಳಬೇಕು. ಗಾಡಿಯ ಕೆಳಗೆ, ಸೈಲೆನ್ಸರ್ ಪಕ್ಕ ಪೆಟ್ಟಿಗೆ ಮಾಡಿಸಿದರೆ ಬಳ್ಳಾರಿಯ ಮಧ್ಯಾಹ್ನ ಅದು ಚಾರ್ಜ್ ಆಗುವುದನ್ನೇ ನಿಲ್ಲಿಸಬಹುದು. ಮಂಚದ ಕೆಳಗೆ, ತಂಪು ಗಾಳಿ ಸುಳಿಯುವಲ್ಲಿ ಇಡಿ.

ಹಂತ 5: ಖಾಲಿಯಾದದ್ದನ್ನು ತುಂಬುವುದು

ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನಿಂದ ಲಿಥಿಯಂ ಬ್ಯಾಟರಿಗೆ ನೇರ ವೈರ್ ಎಳೆಯಬೇಡಿ. ಖಾಲಿ ಬ್ಯಾಟರಿ ಸಿಕ್ಕಷ್ಟು ಕರೆಂಟು ಎಳೆದುಕೊಂಡು ಆಲ್ಟರ್ನೇಟರನ್ನೇ ಸುಡುತ್ತದೆ. ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಇರಬೇಕು. 30 ಆಂಪಿನದು ಗಂಟೆಗೆ 400 ವ್ಯಾಟ್-ಅವರ್ ಕೊಡುತ್ತದೆ. ಬೆಂಗಳೂರಿನಿಂದ ಹಂಪಿಗೆ ಆರೇಳು ಗಂಟೆ ಓಡಿಸಿದರೆ ರಾತ್ರಿಯ ಮುಕ್ಕಾಲು ಭಾಗ ಆಗಲೇ ಪೆಟ್ಟಿಗೆಯಲ್ಲಿರುತ್ತದೆ. 50 ಆಂಪಿನದು ಹಾಕುವ ಮುನ್ನ ನಿಮ್ಮ ಆಲ್ಟರ್ನೇಟರ್ ಎಷ್ಟು ಆಂಪಿನದು ನೋಡಿ. ಗಾಡಿಯ ದೀಪ, ಬ್ಲೋವರ್ ಎಲ್ಲ ಅದರದೇ ಹೊಣೆ.

ಚಾವಣಿಯ ಮೇಲೆ 400 ವ್ಯಾಟಿನ ಸೋಲಾರ್ ಇದ್ದರೆ, ಮಟ್ಟಸವಾಗಿ ಮಲಗಿರುವ ಪ್ಯಾನಲ್ಲಿನಿಂದ ಬೇಸಿಗೆಯ ದಿನಕ್ಕೆ 1,400 ವ್ಯಾಟ್-ಅವರ್ ಆಸುಪಾಸು ಸಿಗುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ಭರವಸೆ ಇಡಬೇಡಿ. ಏಸಿಯೂ ಚಾವಣಿಯಲ್ಲಿ ಜಾಗ ಕೇಳುತ್ತದೆ, ಸಾಲದ್ದಕ್ಕೆ ಅದರ ನೆರಳು ಪ್ಯಾನಲ್ ಮೇಲೆ ಬೀಳುತ್ತದೆ. ಏಸಿಯ ಸ್ಥಾನ ಗುರುತಿಸಿ, ಬೆಳಿಗ್ಗೆ ಸಂಜೆ ನೆರಳು ಎಲ್ಲಿ ಬೀಳುತ್ತದೆ ನೋಡಿಕೊಂಡು ಆಮೇಲೆ ಪ್ಯಾನಲ್ ಕೂರಿಸಿ. ಚಾವಣಿಯಿಂದ ಮೂರ್ನಾಲ್ಕು ಸೆಂಟಿಮೀಟರ್ ಎತ್ತರಿಸಿದರೆ ಅದೇ ತಗಡಿಗೆ ಚಪ್ಪರವೂ ಆಗುತ್ತದೆ. ಇಲ್ಲೊಂದು ಬಗೆಹರಿಯದ ಜಗಳ ಇದೆ: ಗಾಡಿ ಬಿಸಿಲಲ್ಲಿ ನಿಂತರೆ ಬ್ಯಾಟರಿಗೆ ಹಬ್ಬ, ಮರದಡಿ ನಿಂತರೆ ನಿಮಗೆ ಹಬ್ಬ. ಉದ್ದ ವೈರಿನ ಮಡಚುವ ಪ್ಯಾನಲ್ ಒಂದಿದ್ದರೆ ಸ್ವಲ್ಪ ಮಟ್ಟಿಗೆ ರಾಜಿ.

ಮೂರು ಗಂಟೆ ಓಡಾಟದಿಂದ 1,200, ಸೋಲಾರಿನಿಂದ 1,400. ಬೇಕಾದ್ದು 3,200, ಇನ್ನೂ 600 ಕಡಿಮೆ. ಅದಕ್ಕೆ ಹೋಂಸ್ಟೇ ಅಥವಾ ಹೋಟೆಲಿನಲ್ಲಿ ಊಟದ ಹೊತ್ತಿಗೆ ಕೇಳಿ ಪ್ಲಗ್ ಹಾಕಿಕೊಳ್ಳಲು 20 ಆಂಪಿನ ಚಾರ್ಜರ್ ಇಟ್ಟುಕೊಳ್ಳಿ, ಎರಡು ಮೂರು ಗಂಟೆಯಲ್ಲಿ ಸರಿಹೋಗುತ್ತದೆ. ಹಾಕುವ ಮೊದಲು ಆ ಪಾಯಿಂಟಿಗೆ ಅರ್ತಿಂಗ್ ಇದೆಯೇ ಎಂದು ಸಾಕೆಟ್ ಟೆಸ್ಟರ್ ಇಟ್ಟು ನೋಡಿ. ಗಾಡಿ ಕದಲಿಸದೆ ಒಂದೇ ಕಡೆ ಎರಡು ರಾತ್ರಿ ಏಸಿಯಲ್ಲಿ ಮಲಗುವುದು ಈ ಅಳತೆಯ ಬ್ಯಾಟರಿಯಿಂದ ಆಗದು.

ಬ್ಯಾಟರಿ ಸಾಲಲಿಲ್ಲವೆಂದು ಎಂಜಿನ್ ಚಾಲೂ ಇಟ್ಟು ಮಾತ್ರ ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಗಾಡಿಗೆ ಅಂಟಿ ನಿಂತ ಜನರೇಟರಿಗೂ ಇದೇ ಮಾತು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಮಂಚದ ಹತ್ತಿರ ಇರಲಿ.

ಹಂತ 6: ವೈರಿಂಗ್

12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ಆದರೆ ಬೆಂಕಿ ಹಚ್ಚುತ್ತದೆ. ಬ್ಯಾಟರಿಯಿಂದ ಏಸಿಗೆ 4 ಮೀಟರ್ ಎಂದರೆ ಹೋಗಿ ಬರುವ ದಾರಿ 8 ಮೀಟರ್. 58 ಆಂಪ್ ಹರಿಯುವಾಗ 16 ಚದರ ಮಿ.ಮೀ. ತಾಮ್ರದ ಕೇಬಲ್ಲಿನಲ್ಲಿ ಅರ್ಧ ವೋಲ್ಟ್ ನಷ್ಟವಾಗುತ್ತದೆ, 35ರಲ್ಲಿ ಕಾಲು ವೋಲ್ಟ್. ಅರ್ಧ ವೋಲ್ಟ್ ತಾನೇ ಎನ್ನಬೇಡಿ, ಬ್ಯಾಟರಿಯಲ್ಲಿ ಚಾರ್ಜ್ ಇದ್ದಾಗಲೇ ಏಸಿ 'ವೋಲ್ಟೇಜ್ ಕಡಿಮೆ' ಎಂದು ನಡುರಾತ್ರಿ ನಿಂತುಬಿಡುತ್ತದೆ. 25 ಅಥವಾ 35 ಹಾಕಿ. ಕಾರ್ ಆಡಿಯೊ ಅಂಗಡಿಯ ಅಗ್ಗದ ದಪ್ಪ ಕೇಬಲ್ ಹಲವು ಸಲ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು. ತುದಿ ಕೆರೆದು ನೋಡಿ.

ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು, ಇಲ್ಲಿಗೆ 80 ಆಂಪ್ ಸರಿ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪ್ ಉಗುಳುತ್ತದೆ, ಹಾಗಾಗಿ ಕ್ಲಾಸ್ ಟಿ ಜಾತಿಯ ಫ್ಯೂಸೇ ಒಳ್ಳೆಯದು. ಮನೆಯ ಎಂಸಿಬಿ ಹಾಕಬೇಡಿ. ಅದು ಮನೆ ಕರೆಂಟಿಗೆ ಮಾಡಿದ್ದು, ಡಿಸಿ ಕಿಡಿಯನ್ನು ಆರಿಸುವ ಭರವಸೆಯಿಲ್ಲ. ಕೇಬಲ್ ತುದಿಗೆ ಹಾಕುವ ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪರಿನಿಂದ ಒತ್ತಿಸಿ, ಸುತ್ತಿಗೆಯಿಂದಲ್ಲ. ಮೈನಸ್ ವೈರನ್ನು ಚಾಸಿಗೆ ಕಟ್ಟಿ ಕೈತೊಳೆದುಕೊಳ್ಳದೆ ಬ್ಯಾಟರಿಯವರೆಗೂ ತನ್ನಿ.

ಬ್ಯಾಟರಿಗೆ ಬಂದ, ಅದರಿಂದ ಹೋದ ಕರೆಂಟನ್ನು ಎಣಿಸುವ ಶಂಟ್ ಮೀಟರ್ ಒಂದು ಹಾಕಿಸಿ. ಈ ಬ್ಯಾಟರಿಯ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ ವೋಲ್ಟ್ ನೋಡಿ ಎಷ್ಟು ಉಳಿದಿದೆ ಎಂದು ತಿಳಿಯಲಾಗದು. ಏಸಿಯ ಕಡಿಮೆ ವೋಲ್ಟೇಜ್ ಮಿತಿಯನ್ನು 12ರ ಸುತ್ತ ಇಡಿ. ಹಳೆಯ ಸೀಸದ ಜಾತಿಯ ಬ್ಯಾಟರಿಗೆಂದು 10.5ಕ್ಕೆ ಇಟ್ಟಿದ್ದರೆ ಅಷ್ಟರಲ್ಲಿ ಬಿಎಂಎಸ್ಸೇ ಎಲ್ಲವನ್ನೂ ಕತ್ತರಿಸಿ ದೀಪವೂ ಆರಿರುತ್ತದೆ.

ಹಂತ 7: ಕಾಗದಪತ್ರ, ಆಮೇಲೆ ತಗಡು

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಎತ್ತರ, ತೂಕ, ಸೀಟು ಬದಲಾಗುವ ಕೆಲಸವಾದ್ದರಿಂದ ನಿಮ್ಮ ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ, ವಿಮೆ ಕಂಪನಿಗೂ ಬರೆದು ತಿಳಿಸಿ.

ಇನ್ನು ಕೊಯ್ಯುವ ಕೆಲಸ. ಚಾವಣಿ ಏಸಿಯ ಕಿಂಡಿ ಅಮೆರಿಕದ ಅಳತೆಯಲ್ಲಿ 14 ಇಂಚು ಚೌಕ, ಯುರೋಪಿನದು 40 ಸೆಂ.ಮೀ. ಚೌಕ. ನಿಮ್ಮದರ ಕೈಪಿಡಿಯಲ್ಲಿರುವ ಅಳತೆಯೇ ಪ್ರಮಾಣ. ಒಳಗಿನಿಂದ ನೋಡಿ ಎರಡು ಅಡ್ಡಪಟ್ಟಿಗಳ ನಡುವಿನ ಜಾಗ ಆರಿಸಿ. ಪಟ್ಟಿಯನ್ನು ಕೊಯ್ದರೆ ಚಾವಣಿಯ ಬಲ ಹೋಗುತ್ತದೆ. ನಾಲ್ಕು ಮೂಲೆಗೆ ಒಳಗಿನಿಂದ ಸಣ್ಣ ತೂತು ಹಾಕಿ, ಮೇಲೆ ಹತ್ತಿ ಗೆರೆ ಎಳೆದು, ಇನ್ನೊಮ್ಮೆ ಅಳೆದು, ಆಮೇಲೆ ಜಿಗ್‌ಸಾ. ಕೆಳಗೆ ಪ್ಲಾಸ್ಟಿಕ್ ಹಾಸಿ ಕಬ್ಬಿಣದ ಪುಡಿಯನ್ನೆಲ್ಲ ಹಿಡಿಯಿರಿ. ಬಣ್ಣದ ಮೇಲೆ ಬಿದ್ದ ಪುಡಿ ಮೊದಲ ಮಳೆಗೇ ತುಕ್ಕಿನ ಚುಕ್ಕಿ ಆಗುತ್ತದೆ. ಕೊಯ್ದ ಅಂಚಿಗೆ ಪ್ರೈಮರ್, ಅದರ ಮೇಲೆ ಬಣ್ಣ, ಒಣಗುವವರೆಗೆ ತಾಳ್ಮೆ.

ಕಿಂಡಿಯ ಸುತ್ತ ತಗಡಿಗೂ ಒಳಗಿನ ಸೀಲಿಂಗಿಗೂ ನಡುವೆ ಅಲ್ಯೂಮಿನಿಯಂ ಅಥವಾ ಮರದ ಚೌಕಟ್ಟು ಕೂರಿಸಿ. ಅದಿಲ್ಲದೆ ಬೋಲ್ಟ್ ಬಿಗಿದರೆ ತಗಡು ಬಗ್ಗಿ ಅಲ್ಲಿ ನೀರು ನಿಲ್ಲುತ್ತದೆ. ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗ್ಯಾಸ್ಕೆಟ್ ಸಮನಾಗಿ ಒತ್ತಿಕೊಂಡಿರಬೇಕು, ಅಪ್ಪಚ್ಚಿ ಆಗಬಾರದು. ಸ್ನಾನದ ಮನೆಯ ಸಿಲಿಕೋನ್ ಇಲ್ಲಿಗಲ್ಲ. ಸ್ಕ್ರೂ ಜಾಗಗಳಿಗೆ ಬ್ಯುಟೈಲ್ ಟೇಪು, ಅಂಚಿಗೆ ಗಾಡಿ ಬಾಡಿ ಕಟ್ಟುವವರು ಬಳಸುವ ಪಾಲಿಯುರೇಥೇನ್ ಸೀಲಂಟ್.

ಕೆಲಸ ಮುಗಿದ ಮೇಲೆ ನೆಲದಿಂದ ಏಸಿಯ ತುದಿಯವರೆಗೆ ಟೇಪ್ ಹಿಡಿದು ಅಳೆದು, ಆ ಸಂಖ್ಯೆಯನ್ನು ಡ್ಯಾಶ್‌ಬೋರ್ಡಿನ ಮೇಲೆ ಬರೆದು ಅಂಟಿಸಿ. ರೈಲ್ವೆ ಅಂಡರ್‌ಪಾಸಿನ ಹೈಟ್ ಗೇಜ್ ಎದುರಾದಾಗ ನೆನಪನ್ನು ನೆಚ್ಚಿಕೊಳ್ಳುವ ಹಾಗಿರುವುದಿಲ್ಲ.

ಹಂತ 8: ಮನೆ ಮುಂದೆ ಒಂದು ರಾತ್ರಿ

ಮೊದಲ ಪರೀಕ್ಷೆ ಗೋಕರ್ಣದಲ್ಲಲ್ಲ, ಮನೆ ಮುಂದೆಯೇ ಆಗಲಿ. ಸಂಜೆ ಬಾಗಿಲೆಲ್ಲ ತೆರೆದು ಹಗಲಿನ ಬಿಸಿಗಾಳಿ ಹೊರಹಾಕಿ, ಆಮೇಲೆ ಮುಚ್ಚಿ ಏಸಿ ಹಾಕಿ. 26 ಡಿಗ್ರಿಗೆ ಇಟ್ಟು ಒಂದು ಸಣ್ಣ ಫ್ಯಾನನ್ನು ಮೈಮೇಲೆ ತಿರುಗಿಸಿಕೊಳ್ಳಿ. ಕೆಲವೇ ವ್ಯಾಟಿನ ಆ ಗಾಳಿಗೆ 24ರ ತಂಪು ಅನ್ನಿಸುತ್ತದೆ. ಮಲಗುವಾಗ ಒಮ್ಮೆ, ಬೆಳಿಗ್ಗೆ ಎದ್ದಾಗ ಒಮ್ಮೆ ಶಂಟ್ ಮೀಟರ್ ನೋಡಿ ಬರೆದಿಡಿ. ಒಂದು ಗಂಟೆ ಓಡಿದ ಮೇಲೆ ಕೇಬಲ್ ಲಗ್, ಫ್ಯೂಸ್ ಹಿಡಿಕೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಜೋಡಣೆ ಸಡಿಲ. ಏಸಿ ಹಿಂಡಿದ ನೀರು ಚಾವಣಿಯಿಂದ ಹೊರಗೆ ಇಳಿಯಬೇಕು. ಹಾಸಿಗೆಯ ಮೇಲೆ ಹನಿದರೆ ಮೊದಲು ಗಾಡಿ ಮಟ್ಟಸವಾಗಿ ನಿಂತಿದೆಯೇ ನೋಡಿ, ಆಮೇಲೆ ಡ್ರೈನ್ ತೂತು.

ಮುಂಗಾರಿಗೆ ಮುಂಚೆ ವರ್ಷಕ್ಕೊಮ್ಮೆ ಏಸಿಯ ಬೋಲ್ಟ್‌ಗಳ ಬಿಗಿ, ಗ್ಯಾಸ್ಕೆಟ್, ಸೀಲಂಟ್ ನೋಡಿಕೊಳ್ಳಿ. ಕಂಡೆನ್ಸರಿನ ರೆಕ್ಕೆಗಳಲ್ಲಿ ಕೂತ ಧೂಳನ್ನು ಮೆತ್ತಗಿನ ಬ್ರಷ್‌ನಿಂದ ತೆಗೆಯಿರಿ, ಪ್ರೆಶರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಬಿಟ್ಟು ಮೈನ್ ಸ್ವಿಚ್ ಆರಿಸಿ.